ನಲವತ್ತೊಂದನೆಯ ಕಾರ್ಡು

ಕೆ.ಬಿ. ಬಡಾವಣೆ, ದಾವಣಗೆರೆ
೫ ಫೆಬ್ರವರಿ ೧೯೬೧

ದಿಲ್ಷಾದ್,

ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಬರೆದಳು ಅಂತ ಕೇಳಬೇಡ. ನಾನು ಕೇಳುವುದೇ ಬೇರೆ ಇದೆ.

ಹೋದ ವಾರ ಪತ್ರಿಕೆಯಲ್ಲಿ ನಿಮ್ಮ ಸಂಸ್ಥೆಯ ಸುದ್ದಿ ಬಂದಿತ್ತು. ವಿಜ್ಞಾನದ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ತಜ್ಞರು, ಯಾವ ಊರಿನ ಮಕ್ಕಳಿಗೆ ಹಾಲಿನ ಪುಡಿ ಹಂಚಬೇಕು ಅನ್ನುವುದನ್ನು ಈಗ ಯೋಚಿಸುತ್ತಿದ್ದಾರೆ ಅಂತ. ಕೆಳಗೆ ಒಂದು ಪಟ್ಟಿ ಇತ್ತು: ಇಷ್ಟು ತಿಂಗಳ ಕೂಸು ಇಷ್ಟು ತೂಗಬೇಕು. ನೀನು ಅಲ್ಲೇ ಕೆಲಸದಲ್ಲಿದ್ದೀ ಅಂತ ನಿಮ್ಮ ಶಬ್ಬೀರ್ ಅಣ್ಣ ಹರಿಹರದಲ್ಲಿ ಇವರಿಗೆ ಸಿಕ್ಕಾಗ ಹೇಳಿದ್ದರು. ಆ ಪಟ್ಟಿಯನ್ನು ಕತ್ತರಿಸಿ ಅಡುಗೆಮನೆಯ ಗೂಡಿನಲ್ಲಿ ಇಟ್ಟುಕೊಂಡಿದ್ದೇನೆ. ಈಗ ಅದು ಬಾಯಿಪಾಠ.

ನನಗೆ ಮಗಳು ಹುಟ್ಟಿದ್ದಾಳೆ. ಪುಟ್ಟಕ್ಕ ಅಂತ ಹೆಸರು, ನಮ್ಮ ಅತ್ತೆಯ ತಾಯಿಯ ಹೆಸರು ಅದು. ಈಗ ಮೂರು ತಿಂಗಳು. ಕೊಕ್ಕನೂರಿನ ತವರಲ್ಲಿ ಬಾಣಂತನ ಮುಗಿಸಿ ಹೋದ ತಿಂಗಳು ಬಂದೆ. ನಗುತ್ತಾಳೆ, ಬೋರಲು ಬೀಳುತ್ತಾಳೆ, ಆದರೆ ತೂಕ ಮಾತ್ರ ಪಟ್ಟಿಯಲ್ಲಿರುವುದಕ್ಕಿಂತ ಒಂದು ಕಿಲೋ ಕಡಿಮೆ. ಇವರು ಗುಮಾಸ್ತರಾಗಿರುವ ಹತ್ತಿ ಮಂಡಿಗೆ ಎತ್ತಿಕೊಂಡು ಹೋಗಿ ಅಲ್ಲಿಯ ತಕ್ಕಡಿಯಲ್ಲಿ ತೂಗಿಸಿದೆ. ಅತ್ತೆ ಕೊಟ್ರವ್ವನವರು ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಕೇಳಿದರು: "ಕೂಸೇನು ಹತ್ತಿ ಅಂಡಿಗೇನವ್ವ, ತೂಕಕ್ಕೆ ಹಾಕಾಕೆ?"

ನನಗೆ ನಿದ್ದೆ ಬರುವುದಿಲ್ಲ. ಅದಿರಲಿ. ಆ ಪಟ್ಟಿಯಲ್ಲಿರುವವು ಯಾರ ಕೂಸುಗಳು, ದಿಲ್ಷಾದ್? ಯಾರೋ ಎಲ್ಲೋ ನಿಜವಾದ ಕೂಸುಗಳನ್ನು ತೂಗಿಯೇ ಆ ಅಂಕಿ ಬರೆದಿರಬೇಕಲ್ಲ? ಅವುಗಳ ಅವ್ವಂದಿರು ಏನು ಉಣ್ಣುತ್ತಿದ್ದರು? ಎಷ್ಟು ಕೂಸುಗಳು? ಮತ್ತೆ ತಜ್ಞರು ಅಂದರೆ ಬೆಳಗಿನಿಂದ ಸಂಜೆಯವರೆಗೆ ಕೂತು ಏನು ಮಾಡುತ್ತಾರೆ?

ಬರೆಯುತ್ತೀಯಲ್ಲ?

ನಿನ್ನ ಪಕ್ಕದ ಬೆಂಚಿನ
ಉಚ್ಚೆಂಗೆಮ್ಮ


ಬೆಂಗಳೂರು
೧೪ ಫೆಬ್ರವರಿ ೧೯೬೧

ಉಚ್ಚೆಂಗಿ,

ಮೂರು ವರ್ಷ ಎರಡು ತಿಂಗಳು. ಎಣಿಸುವುದು ಈಗ ನನ್ನ ಕೆಲಸ. ಈ ಕೆಲಸದ ಸಂದರ್ಶನದ ದಿನ ನಿನ್ನ ಹೆಸರನ್ನು ಎರಡು ಸಲ ಕರೆದರು, ನೀನು ಬಂದಿರಲಿಲ್ಲ. ಆ ಮಾತು ಇಲ್ಲಿಗೇ ಬಿಟ್ಟೆ.

ಪುಟ್ಟಕ್ಕನಿಗೆ ನನ್ನ ದುವಾ. ಮೂರು ತಿಂಗಳಿಗೆ ಇಷ್ಟು ದೊಡ್ಡ ಹೆಸರು ಹೊತ್ತಿದ್ದಾಳೆ, ಪಾಪ.

ನಮ್ಮಲ್ಲಿ ಗಾಜಿನ ಕೊಳವೆ ಇಲ್ಲ, ಸೂಕ್ಷ್ಮದರ್ಶಕ ಇಲ್ಲ. ಒಂದು ಉದ್ದನೆಯ ಮೇಜು, ಸುತ್ತ ಒಂಬತ್ತು ಕುರ್ಚಿ. ಒಬ್ಬರಿಗೆ ಮಣ್ಣು ಗೊತ್ತು, ಒಬ್ಬರಿಗೆ ಹಾಲು, ಒಬ್ಬರಿಗೆ ಯಂತ್ರ. ಸರ್ಕಾರ ಒಂದು ಪ್ರಶ್ನೆ ಕೇಳುತ್ತದೆ. ಇವರು ಮೂರು ತಿಂಗಳು ವಾದ ಮಾಡಿ, ನೀವು ಕೇಳಬೇಕಾಗಿದ್ದ ಪ್ರಶ್ನೆ ಇದಲ್ಲ, ಅದು, ಅಂತ ಬರೆದು ಕಳಿಸುತ್ತಾರೆ. ನಾನು ಮೂಲೆಯಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ. ಬಲಗೈ ತೋಳು ನೋಡಿದರೆ ಬಾವಿ ಸೇದುವವಳು ಅನ್ನುತ್ತೀ.

ನಿನ್ನ ಪ್ರಶ್ನೆಯನ್ನು ನಮ್ಮ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಮಾಳಿಂಗಪ್ಪನವರ ಮುಂದಿಟ್ಟೆ. ಚಿಕ್ಕಂದಿನಲ್ಲಿ ಕುರಿ ಎಣಿಸಿ ಗಣಿತ ಕಲಿತೆ ಅನ್ನುವ ಮನುಷ್ಯ. ಕಪಾಟಿನಿಂದ ಹಳೆಯ ಪುಸ್ತಕ ತೆಗೆದು ಹುಡುಕಿದರು. ಹೊರದೇಶದ ಒಂದು ಊರಿನ ಎಂಟುನೂರು ಕೂಸುಗಳು. ಉಂಡುಟ್ಟ ಮನೆಯವು. ತೂಗಿದ್ದು ಮೂವತ್ತು ವರ್ಷದ ಹಿಂದೆ, ಅಂದರೆ ಈಗ ಆ ಕೂಸುಗಳಿಗೇ ಕೂಸುಗಳಿರಬೇಕು. ಪುಸ್ತಕ ಮುಚ್ಚಿ, "ಇದನ್ನು ಕೇಳಿದವರು ಯಾರು?" ಅಂದರು. ಹೇಳಿದೆ. "ಈ ಮೇಜಿನ ಸುತ್ತ ಇದ್ದ ನಾವು ಒಬ್ಬರೂ ಕೇಳಲಿಲ್ಲವಲ್ಲ."

ಈಗ ನಮ್ಮ ಊರುಗಳಲ್ಲೇ ತೂಗಿ ನಮ್ಮದೇ ಪಟ್ಟಿ ಮಾಡಬೇಕು ಅಂತ ಆಗಿದೆ. ಮಂಡ್ಯ, ಕೋಲಾರಕ್ಕೆ ಜನ ಸಿಕ್ಕಿದ್ದಾರೆ. ದಾವಣಗೆರೆ, ಹರಿಹರಕ್ಕೆ ಇಲ್ಲ. ನೀನು ಮಾಡುತ್ತೀಯಾ? ಕೊಕ್ಕೆಗೆ ನೇತುಹಾಕುವ ತಕ್ಕಡಿ, ನೂರು ಕಾರ್ಡು ಶಬ್ಬೀರಣ್ಣನ ಕೈಲಿ ಬರುತ್ತವೆ. ಕಾರ್ಡಿನಲ್ಲಿ ಮೂರೇ ಮಾತು: ಹೆಸರು, ಎಷ್ಟು ತಿಂಗಳು, ಎಷ್ಟು ತೂಕ. ಆಯಾ ತಿಂಗಳಿನ ಸಾಧಾರಣ ತೂಕಕ್ಕೆ ಒಂದು ಗೆರೆ ಎಳೆಯುತ್ತೇವೆ. ಆ ಗೆರೆಗಿಂತ ತೀರಾ ಕೆಳಗಿರುವ ಮಕ್ಕಳು ಜಾಸ್ತಿ ಇದ್ದ ಊರಿಗೆ ಹಾಲಿನ ಕೇಂದ್ರ.

ನೂರರಲ್ಲಿ ಒಂದು ಕಾರ್ಡು ಪುಟ್ಟಕ್ಕನದೇ ಇರಲಿ.

ದಿಲ್ಷಾದ್ ಬೇಗಂ


ದಾವಣಗೆರೆ
೧೨ ಮಾರ್ಚ್ ೧೯೬೧

ದಿಲ್ಷಾದ್,

ತೊಂಬತ್ತಾರು ಕಾರ್ಡು ಈ ಗಂಟಿನಲ್ಲಿವೆ. ನಾಲ್ಕು ಉಳಿದವು. ಒಂದರ ಮೇಲೆ ಒಂದು ಕೂಸು ಉಚ್ಚೆ ಹೊಯ್ದಿತು, ಮೂರನ್ನು ನಮ್ಮ ಪುಟ್ಟಕ್ಕ ತಿಂದಳು.

ಎಷ್ಟು ದಿನದ ಮೇಲೆ ಹೊರಗೆ ಕಾಲಿಟ್ಟೆ ಗೊತ್ತಾ? ಗಿರಣಿ ಕೆಲಸದವರ ಓಣಿಯಲ್ಲಿ ಮೊದಲ ದಿನ. ಬಾಗಿಲ ತೊಲೆಗೆ ತಕ್ಕಡಿ ಕಟ್ಟಿದೆ. ಕೂಸನ್ನು ಜೋಳಿಗೆ ಬಟ್ಟೆಯಲ್ಲಿ ಕೂರಿಸಿ ಕೊಕ್ಕೆಗೆ ಹಾಕುವುದು, ಮುಳ್ಳು ನಿಂತ ಮೇಲೆ ಓದುವುದು. ಒಬ್ಬ ಮುದುಕ ಕಟ್ಟೆಯ ಮೇಲೆ ಕೂತು, "ಇವತ್ತು ಧಾರಣೆ ಹೆಂಗೈತವ್ವ?" ಅಂತ ಕೇಳಿದ. ಎಲ್ಲರೂ ನಕ್ಕರು, ಆದರೆ ಒಬ್ಬಳೂ ಕೂಸು ಕೊಡಲಿಲ್ಲ. ಆಮೇಲೆ ನಮ್ಮ ಹಿತ್ತಲ ಹಿಂದಿನ ಮನೆಯ ಮರಿಯವ್ವ ತನ್ನ ಗುಂಡುಕಲ್ಲಿನಂಥ ಮಗನನ್ನು ತಂದಳು. ಸಣ್ಣಬೀರಪ್ಪ ಅಂತ ಹೆಸರು. ಹೆಸರಲ್ಲಿ ಮಾತ್ರ ಸಣ್ಣ. ಏಳು ಕಿಲೋ ಮುನ್ನೂರು ಗ್ರಾಂ. "ಎಷ್ಟು ತಿಂಗಳು ಮರಿಯವ್ವ?" ಅಂದೆ. "ಎಂಟು ದಾಟೈತ್ರಿ" ಅಂದಳು. ಅವನು ಜೋಳಿಗೆಯಲ್ಲಿ ಕೇಕೆ ಹಾಕಿದ್ದು ನೋಡಿ ಉಳಿದವರೂ ತಂದರು.

ಮೂರನೆಯ ದಿನ ನೋಡುತ್ತೇನೆ, ಅತ್ತೆ ನನ್ನ ಹಿಂದೆಯೇ ಬಂದು ಹೆಂಗಸರನ್ನು ಸಾಲು ಮಾಡುತ್ತಿದ್ದಾರೆ. "ಕೂಡ್ರಿ, ಸಾಲಾಗಿ ಕೂಡ್ರಿ. ಏಯ್, ಕಾಲ್ಗಡಗ ಬಿಚ್ಚೇ, ಬೆಳ್ಳಿ ತೂಗಾಕೆ ಬಂದಿಲ್ಲ ನಮ್ಮ ಸೊಸಿ." ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಹರಿಹರದಲ್ಲಿ ನಿಮ್ಮ ಮನೆಯ ಜಗುಲಿಯಲ್ಲೇ ತೂಗಿದೆ, ಶಬ್ಬೀರ್ ಅಣ್ಣ ಚಹಾ ಕೊಡಿಸಿದರು. ಕೊಕ್ಕನೂರಲ್ಲಿ ಅಪ್ಪ ದೂರ ನಿಂತು ನೋಡುತ್ತಿದ್ದ. ಹೊರಡುವಾಗ, "ಓದಿದ್ದು ಒಂದು ಕೆಲಸಕ್ಕೆ ಬಂತಲ್ಲ ತಂಗಿ" ಅಂದ. ನಾನು ತಕ್ಕಡಿ ಬಿಚ್ಚಿ ಚೀಲಕ್ಕೆ ಹಾಕಿದೆ. ಕಡರನಾಯಕನಹಳ್ಳಿಯಲ್ಲಿ ಹದಿನಾಲ್ಕು ಕೂಸು.

ನಲವತ್ತೊಂದನೆಯ ಕಾರ್ಡು ಪುಟ್ಟಕ್ಕನದು. ನಾಲ್ಕೂವರೆ ತಿಂಗಳು, ಐದು ಕಿಲೋ ಮುನ್ನೂರು. ನಮ್ಮ ಊರಿನ ಗೆರೆ ಎಲ್ಲಿ ಬೀಳುತ್ತದೆ ಅನ್ನುವುದನ್ನು ಆದಷ್ಟು ಬೇಗ ತಿಳಿಸು. ಬೇರೆ ಏನೂ ಕೇಳುವುದಿಲ್ಲ.

ಉಚ್ಚೆಂಗಿ


ಬೆಂಗಳೂರು
೨೨ ಮಾರ್ಚ್ ೧೯೬೧

ಉಚ್ಚೆಂಗಿ,

ಮೊದಲು ಒಳ್ಳೆಯ ಸುದ್ದಿ. ನಿನ್ನ ಕಾರ್ಡುಗಳಿಂದ ಎಳೆದ ಗೆರೆಯ ಮೇಲೆ ಪುಟ್ಟಕ್ಕ ಸರಿಯಾಗಿ ಕೂತಿದ್ದಾಳೆ. ಕೂದಲೆಳೆ ಮೇಲಿಲ್ಲ, ಕೆಳಗಿಲ್ಲ. ಇನ್ನಾದರೂ ನಿದ್ದೆ ಮಾಡು.

ಇನ್ನೊಂದು ಸುದ್ದಿ ಹೇಗೆ ಹೇಳಲಿ? ಮಂಡ್ಯ, ಕೋಲಾರದ ಕಾರ್ಡುಗಳನ್ನು ಚೌಕದ ಕಾಗದದ ಮೇಲೆ ಚುಕ್ಕಿ ಇಟ್ಟರೆ ಎರಚಿದ ಸಾಸಿವೆಯ ಹಾಗೆ ಕಾಣುತ್ತವೆ. ಐದು ತಿಂಗಳ ಕೂಸು ಅಂದರೆ ಒಂದು ದಪ್ಪ, ಒಂದು ಸಣಕಲು, ನಡುವೆ ಹತ್ತು ಬಗೆ. ನಿನ್ನ ಚುಕ್ಕಿಗಳು ದಾರಕ್ಕೆ ಪೋಣಿಸಿದ ಮಣಿಗಳು. ಐದು ತಿಂಗಳಿನವು ಎಲ್ಲವೂ ಹೆಚ್ಚುಕಡಿಮೆ ಒಂದೇ ತೂಕ, ಆರರವು ಒಂದೇ ತೂಕ. ಒಂದೇ ಅಚ್ಚಿನಲ್ಲಿ ಒತ್ತಿದ ಇಟ್ಟಿಗೆಗಳ ಹಾಗೆ.

ಮೇಜಿನ ಸುತ್ತ ನಿನ್ನೆ ಅದೇ ಮಾತು. ಹಾಲಿನ ತಜ್ಞರು, "ಅಲ್ಲಿ ತೀರಾ ಸೊರಗಿದ ಕೂಸು ಒಂದೂ ಇಲ್ಲ ಅಂದಮೇಲೆ ಕೇಂದ್ರ ಯಾಕೆ? ಪುಡಿ ಕೋಲಾರಕ್ಕೆ ಹೋಗಲಿ" ಅಂದರು. ಮಾಳಿಂಗಪ್ಪನವರು ಬಹಳ ಹೊತ್ತು ಕಾಗದ ನೋಡಿ ಹೇಳಿದ್ದು ಇಷ್ಟು: "ಕುರಿಮಂದೆಯೂ ಹೀಗಿರುವುದಿಲ್ಲ. ತಕ್ಕಡಿ ಸಿಕ್ಕಿಹಾಕಿಕೊಂಡಿರಬೇಕು. ಇಲ್ಲವೇ ತೂಗಿದವರು ಮನೆಯಲ್ಲಿ ಕೂತು ಬರೆದಿರಬೇಕು." ಅವಳು ಹಾಗೆ ಮಾಡುವವಳಲ್ಲ ಅಂದೆ. ದನಿ ಸ್ವಲ್ಪ ಏರಿತ್ತೇನೋ, ಎಲ್ಲರೂ ತಿರುಗಿದರು. "ಹಾಗಾದರೆ ಮೂರನೆಯ ಕಾರಣ ಇರಬೇಕು. ಅದನ್ನು ಅವರೇ ಹುಡುಕಲಿ. ನಾವು ಇಲ್ಲಿ ಕೂತು ಹುಡುಕಿದರೆ ಸಿಗುವುದು ನಮ್ಮ ಬುದ್ಧಿಯೇ" ಅಂದರು.

ಸಿಟ್ಟಾಗಬೇಡ. ತಕ್ಕಡಿ ಒಮ್ಮೆ ಪರೀಕ್ಷೆ ಮಾಡು.

ದಿಲ್ಷಾದ್


ದಾವಣಗೆರೆ
೩೧ ಮಾರ್ಚ್ ೧೯೬೧

ದಿಲ್ಷಾದ್,

ಸಿಟ್ಟು ಬಂದಿತ್ತು. ಎರಡು ದಿನ ಇತ್ತು. ಆಮೇಲೆ ಸಿಟ್ಟಿಗಿಂತ ಕುತೂಹಲವೇ ಜಾಸ್ತಿಯಾಯಿತು. ನನ್ನ ಸ್ವಭಾವ ನಿನಗೆ ಗೊತ್ತಲ್ಲ.

ಮಂಡಿಯಿಂದ ಹೊಸ ಕಿಲೋ ಬಟ್ಟುಗಳನ್ನು ಇವರ ಕೈಲಿ ತರಿಸಿ, ಜೋಳಿಗೆಯಲ್ಲಿಟ್ಟು ಒಂದು, ಮೂರು, ಐದು, ಏಳು ಕಿಲೋ ತೂಗಿದೆ. ತಕ್ಕಡಿ ಸತ್ಯಹರಿಶ್ಚಂದ್ರ. ಹಾಗಾದರೆ ತೂಕ ಸರಿ. ಹೆಸರು ತಪ್ಪಿದರೆ ನಷ್ಟವಿಲ್ಲ. ಕಾರ್ಡಿನಲ್ಲಿ ಉಳಿದದ್ದು ಒಂದೇ ಮಾತು.

ಮೊನ್ನೆ ಸಿಡುಬಿನ ದಾಕು ಹಾಕುವವರು ಓಣಿಗೆ ಬಂದಿದ್ದರು. ಮರಿಯವ್ವನಿಗೆ ಓದಲು ಬರುವುದಿಲ್ಲ, ಸಣ್ಣಬೀರಪ್ಪನ ಚೀಟಿ ಓದಿಸಿಕೊಳ್ಳಲು ನನ್ನ ಹತ್ತಿರ ತಂದಳು. ಚೀಟಿಯಲ್ಲಿ ಹುಟ್ಟಿದ ದಿನ ಬರೆದಿತ್ತು. ಬೆರಳು ಮಡಿಚಿ ಎಣಿಸಿದೆ. ನಾನು ತೂಗಿದ ದಿನ ಅವನಿಗೆ ಎಂಟು ದಾಟಿರಲಿಲ್ಲ, ಆರು ತುಂಬಿತ್ತು ಅಷ್ಟೆ.

"ಮರಿಯವ್ವ, ನನಗೆ ಎಂಟು ಅಂದಿದ್ದೆಯಲ್ಲ?"

"ಹೂಂ ಮತ್ತ. ಇವನ್ನ ನೋಡ್ರಿ, ಹೆಂಗದಾನೆ. ಆರು ಅಂದ್ರೆ ಅಯ್ಯೋ ಆರಕ್ಕೇ ಇಷ್ಟು ಅಂತಾರೆ, ಆವತ್ತೇ ಹಾಲು ಕಕ್ತಾನೆ. ಎಂಟು ಅಂದ್ರೆ ಸುಮ್ನಿರ್ತಾರೆ."

"ದಾಕಿನವರಿಗೆ ಮಾತ್ರ ನಿಜ ಹೇಳಿದೆಯಾ?"

"ಅವ್ರು ಕೂಸಿನ ಮುಖಾನೇ ನೋಡ್ಲಿಲ್ರಿ, ತೋಳು ನೋಡಿದ್ರು. ಅವ್ರ ಕಣ್ಣು ಏನು ಮಾಡೀತು?" ಅಂತ ನಕ್ಕಳು.

ಆಮೇಲೆ ನಾಲ್ಕು ಮನೆಯಲ್ಲಿ ಸುಮ್ಮನೆ ಕೂತು ಮಾತಾಡಿದೆ. ದಪ್ಪ ಕೂಸಿನ ಅವ್ವ ಒಂದೋ ಎರಡೋ ತಿಂಗಳು ಏರಿಸುತ್ತಾಳೆ, ದೃಷ್ಟಿ ತಾಕಬಾರದು ಅಂತ. ಸಣ್ಣ ಕೂಸಿನ ಅವ್ವ ಒಂದು ತಿಂಗಳು ಇಳಿಸುತ್ತಾಳೆ, ಯಾರೂ ಅಯ್ಯೋ ಅನ್ನಬಾರದು ಅಂತ. ಆರು ತಿಂಗಳ ದಪ್ಪ ಕೂಸು ಎಂಟು ತಿಂಗಳ ಸಾಧಾರಣ ಕೂಸಾಗುತ್ತದೆ. ಆರು ತಿಂಗಳ ಸಣಕಲು ಐದು ತಿಂಗಳ ಸಾಧಾರಣ ಕೂಸಾಗುತ್ತದೆ. ಎಲ್ಲರೂ ನಡುವಿಗೆ ಬಂದು ಕೂತರು. ನಿಮ್ಮ ದಾರದ ಮಣಿ ಇದೇ. ಇಟ್ಟಿಗೆ ಒತ್ತಿದವರು ಅವ್ವಂದಿರು.

ಇನ್ನು ಎಷ್ಟು ತಿಂಗಳು ಅಂತ ಕೇಳುವುದಿಲ್ಲ. ಬೇರೆ ದಾರಿ ಹುಡುಕಿ, ತೊಂಬತ್ತೈದು ಮನೆಗೂ ಮತ್ತೆ ಹೋಗುತ್ತೇನೆ. ನಲವತ್ತೊಂದನೆಯ ಕಾರ್ಡು ಸರಿ ಇದೆ. ಅದನ್ನು ಮುಟ್ಟಬೇಡ.

ಉಚ್ಚೆಂಗಿ


ಬೆಂಗಳೂರು
೮ ಏಪ್ರಿಲ್ ೧೯೬೧

ಉಚ್ಚೆಂಗಿ,

ನಿನ್ನ ಪತ್ರವನ್ನು ಮೇಜಿನ ಸುತ್ತ ಓದಿದೆ. ಮರಿಯವ್ವನ ಮಾತು ಬಂದಾಗ ಮಣ್ಣಿನ ತಜ್ಞರು ಚಹಾ ಚೆಲ್ಲಿಕೊಂಡರು. ಮಾಳಿಂಗಪ್ಪನವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. "ನಮ್ಮವ್ವನೂ ಹಾಗೇ ಮಾಡುತ್ತಿದ್ದಳು. ಹಟ್ಟಿಯಲ್ಲಿ ಎಷ್ಟು ಕುರಿ ಅಂತ ಯಾರಾದರೂ ಕೇಳಿದರೆ ಸರಿಯಾದ ಲೆಕ್ಕ ಎಂದೂ ಹೇಳಲಿಲ್ಲ. ಗೊತ್ತಿದ್ದೂ ನನಗೆ ಹೊಳೆಯಲಿಲ್ಲ ನೋಡು" ಅಂದರು. ಮೂವತ್ತು ವರ್ಷ ಓದಿದವರ ಮುಖ ಅವತ್ತು ಹುಡುಗನ ಹಾಗಿತ್ತು.

ವರದಿಯನ್ನು ಮೇ ತಿಂಗಳವರೆಗೆ ತಡೆದಿದ್ದಾರೆ. ತಿದ್ದಿದ ವಯಸ್ಸುಗಳು ಅಷ್ಟರೊಳಗೆ ಬರಲಿ. ನಿನ್ನ ಊರಿಗೆ ಹಾಲು ಬರುವುದೋ ಇಲ್ಲವೋ ಅದರ ಮೇಲಿದೆ.

ನೀನು ಹೇಳಿದ ಹಾಗೆ ನಲವತ್ತೊಂದನ್ನು ಮುಟ್ಟಿಲ್ಲ.

ನಿನ್ನ ಹಳೆಯ ಪತ್ರಗಳನ್ನೆಲ್ಲ ಜೋಡಿಸಿಡುತ್ತಿದ್ದೆ. ಮೂರು ತಿಂಗಳಿಗೇ ಪುಟ್ಟಕ್ಕ ಬೋರಲು ಬೀಳುತ್ತಾಳೆ ಅಂತ ಫೆಬ್ರವರಿಯಲ್ಲಿ ಬರೆದಿದ್ದೀ. ನನಗೆ ಮಕ್ಕಳ ವಿಷಯ ಏನು ಗೊತ್ತು? ನಾನು ಕೇಳುತ್ತಿಲ್ಲ.

ದಿಲ್ಷಾದ್


ದಾವಣಗೆರೆ
೨೦ ಏಪ್ರಿಲ್ ೧೯೬೧

ದಿಲ್ಷಾದ್,

ತೊಂಬತ್ತೈದು ಕಾರ್ಡಿನ ವಯಸ್ಸನ್ನೂ ಮತ್ತೆ ಕೇಳಿ, ತಪ್ಪಿದ್ದನ್ನು ತಿದ್ದಿ ಕಳಿಸಿದ್ದೇನೆ. ಹೇಗೆ ಕೇಳಿದೆ ಅಂದರೆ, ತಿಂಗಳ ಮಾತು ಎತ್ತಲೇ ಇಲ್ಲ. "ಇದು ಹುಟ್ಟಿದಾಗ ಏನು ನಡೆದಿತ್ತು, ಹೇಳು ನೋಡೋಣ" ಅಂದೆ. ಅಂಕಿಯಲ್ಲಿ ಸುಳ್ಳು ಹೇಳುವವರು ಕಥೆಯಲ್ಲಿ ಹೇಳುವುದಿಲ್ಲ. ಹೆರಿಗೆಯ ಕಥೆ ಕೇಳಿದರೆ ಯಾವ ಹೆಂಗಸು ಬಿಡುತ್ತಾಳೆ? ಒಬ್ಬಳು ಮೆಣಸಿನಕಾಯಿ ಒಣಹಾಕಿದ್ದಳಂತೆ, ಮಳೆ ಬಂತಂತೆ, ಬಾಚಿಕೊಳ್ಳಲು ಬಗ್ಗಿದಾಗಲೇ ನೋವು. ಹರಿಹರದವಳೊಬ್ಬಳ ಸೂಲಗಿತ್ತಿ ಆಚೆ ದಡದಲ್ಲಿ, ಈಚೆ ದಡದಲ್ಲಿ ಹೊಳೆ ತುಂಬಿ ಮೆಟ್ಟಿಲೆಲ್ಲ ಮುಳುಗಿತ್ತು. "ಸೇತುವೆ ಮ್ಯಾಲೆ ಮುದುಕಿ ಓಡಿದ್ದು ನೋಡ್ಬೇಕಾಗಿತ್ತು, ಹೆರೋಳು ನಾನೋ ಅವಳೋ ಅನ್ನಂಗೆ." ನಾನು ಪಂಚಾಂಗ ಮಡಿಲಲ್ಲಿ ಇಟ್ಟುಕೊಂಡು ಯಾವ ಅಮಾವಾಸ್ಯೆ, ಯಾವ ಹಬ್ಬದ ಆಚೆ ಈಚೆ ಅಂತ ಗುರುತು ಹಾಕುತ್ತಾ ಹೋದೆ. ಈಗ ನಿನ್ನ ಕಾಗದದ ಮೇಲೆ ಸಾಸಿವೆ ಬೀಳುತ್ತದೆ.

ಕೊನೆಗೆ ಕಡರನಾಯಕನಹಳ್ಳಿ. ಅಲ್ಲಿ ಕರಿಯವ್ವ ಅಂತ ಒಬ್ಬಳು. ಅವಳ ಕೂಸು ಕೈಯಲ್ಲಿ ಹಿಡಿದರೆ ಬಟ್ಟೆಯೇ ಭಾರ. ಕಥೆ ಕೇಳಿ ಎಣಿಸಿದೆ. ಮೊದಲ ಸಲ ಹೇಳಿದ್ದಕ್ಕೂ ಈಗಿನದಕ್ಕೂ ಒಂದು ದಿನದ ವ್ಯತ್ಯಾಸ ಇಲ್ಲ. ಹೋದ ಸಲವೂ ಅವಳು ನಿಜವನ್ನೇ ಹೇಳಿದ್ದಳು. ಯಾಕೆ ಅಂತ ಕೇಳದೆ ಇರಲಾಗಲಿಲ್ಲ.

"ಯಾಕ ಇಳಿಸ್ಲಿ ಅಕ್ಕಾರೆ? ಏಳು ತಿಂಗ್ಳ ಕೂಸು ಇಷ್ಟೇ ಐತೆ ಅಂತ ಯಾರಿಗಾದ್ರೂ ಒಬ್ರಿಗೆ ಗೊತ್ತಾಗ್ಲಿ. ಕೇಳಾಕೆ ಬಂದೋರು ನೀವೇ ಮೊದ್ಲು."

ಬಸ್ಸಿನಲ್ಲಿ ಬರುವಾಗ ಪುಟ್ಟಕ್ಕ ನನ್ನ ತೊಡೆಯ ಮೇಲೆ ಮಲಗಿದ್ದಳು. ಅವಳ ಮುಖ ನೋಡಲು ಆಗಲಿಲ್ಲ.

ಇನ್ನು ನಲವತ್ತೊಂದು. ಅದು ಹುಟ್ಟಿದಾಗ ಏನು ನಡೆದಿತ್ತು ಹೇಳುತ್ತೇನೆ. ಆಯುಧಪೂಜೆಯ ದಿನ. ಅಪ್ಪ ಅಂಗಳದಲ್ಲಿ ನೇಗಿಲು, ಕುಡುಗೋಲು ಸಾಲಾಗಿಟ್ಟು ಕುಂಕುಮ ಹಚ್ಚುತ್ತಿದ್ದ. ಹೊಕ್ಕುಳು ಕೊಯ್ಯಲು ಕುಡುಗೋಲು ಕೇಳಿದರೆ, ಪೂಜೆಗಿಟ್ಟದ್ದನ್ನು ಎತ್ತಬಹುದೋ ಬಾರದೋ ಅಂತ ಒಂದು ಗಳಿಗೆ ನಿಂತುಬಿಟ್ಟನಂತೆ. ಅವ್ವ ಒಳಗಿಂದ ಬೈದ ಮೇಲೆ ಕೊಟ್ಟ. ನೀನೇ ಎಣಿಸು. ದೀಪಾವಳಿ ಕಳೆದು ಅಲ್ಲ, ಒಂದು ತಿಂಗಳು ಮುಂಚೆ. ಇವತ್ತಿಗೆ ಆರು ತಿಂಗಳು ಮೂರು ವಾರ.

ತವರಿಂದ ಬಂದ ದಿನ ಓಣಿಯ ಹೆಂಗಸರು ನೋಡಲು ಬಂದು "ಎಷ್ಟು ತಿಂಗ್ಳು?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ "ಎರಡು ತುಂಬೈತೆ" ಅಂದರು. ಮೂರು ತುಂಬಿತ್ತು. ನನ್ನ ಮುಖ ಉಳಿಸಲು ಅಂದರು, ಗೊತ್ತು. ನಾನು ತಿದ್ದಲಿಲ್ಲ. ಮುಂದಿನ ಸಲ ನಾನೇ ಅಂದೆ. ನಿನಗೂ ಬರೆದೆ. ಫೆಬ್ರವರಿಯಲ್ಲಿ ಆಸ್ಪತ್ರೆಗೆ ಹೋದಾಗ ಮರಿಯವ್ವ ಜೊತೆಗಿದ್ದಳು, ಡಾಕ್ಟರಿಗೂ ಅದೇ ಹೇಳಿದೆ. ಅವರು ಚೀಟಿಯಲ್ಲಿ ಬರೆದುಕೊಟ್ಟರು: ಆರು ತುಂಬುವವರೆಗೆ ಹಾಲು ಮಾತ್ರ, ಏಪ್ರಿಲ್ ಕೊನೆಗೆ ಗಂಜಿ ಶುರು ಮಾಡಿ.

ಮಾರ್ಚಿ ಕೊನೆಗೇ ಆರು ತುಂಬಿತು, ದಿಲ್ಷಾದ್. ನನಗೆ ಗೊತ್ತಿತ್ತು. ಆದರೆ ಚೀಟಿಯಲ್ಲಿ ಏಪ್ರಿಲ್ ಅಂತ ಇತ್ತು, ನಿನ್ನ ಪತ್ರದಲ್ಲಿ ಗೆರೆಯ ಮೇಲಿದ್ದಾಳೆ ಅಂತ ಇತ್ತು. ನಾಲ್ಕು ಕಡೆ ಹೇಳಿದ ಸುಳ್ಳು ನಾಲ್ಕು ಕಡೆಯಿಂದ ಬರಹವಾಗಿ ತಿರುಗಿ ಬಂದರೆ ನಿಜದ ಹಾಗೇ ಕಾಣುತ್ತದೆ. ಗಂಜಿಗೆ ಅವಸರ ಏನು ಅಂತ ನೆಮ್ಮದಿಯಾಗಿದ್ದೆ. ನಿನ್ನೆ ತೂಗಿದೆ. ಆರು ವಾರದಲ್ಲಿ ಇನ್ನೂರು ಗ್ರಾಂ. ನಾವು ಉಣ್ಣುವಾಗ ನಮ್ಮ ಬಾಯಿಯನ್ನೇ ನೋಡುತ್ತಾಳೆ. ಅದನ್ನು ಮುದ್ದು ಅಂದುಕೊಂಡಿದ್ದೆ.

ಮನೆಮನೆಗೆ ಹೋಗಿ ಅವ್ವಂದಿರ ಸುಳ್ಳು ಹಿಡಿದವಳು ನಾನು. ಅವರಲ್ಲಿ ಕೂಸಿನ ಗಂಜಿ ತಡೆದವಳು ನಾನೊಬ್ಬಳೇ ಇರಬೇಕು.

ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗುತ್ತೇನೆ. ಈ ಪತ್ರವನ್ನು ದಾರಿಯಲ್ಲೇ ಅಂಚೆಗೆ ಹಾಕುತ್ತೇನೆ, ಮನಸ್ಸು ತಿರುಗುವ ಮೊದಲು.

ಉಚ್ಚೆಂಗೆಮ್ಮ


ಬೆಂಗಳೂರು
೨೯ ಏಪ್ರಿಲ್ ೧೯೬೧

ಉಚ್ಚೆಂಗಿ,

ಡಾಕ್ಟರು ಏನಂದರು, ಅದನ್ನು ಮೊದಲು ಬರೆ. ಉಳಿದದ್ದು ಆಮೇಲೆ.

ನಲವತ್ತೊಂದನ್ನು ತಿದ್ದಿದೆ. ಯಾರ ಕಾರ್ಡು ಅಂತ ಯಾರಿಗೂ ಹೇಳಲಿಲ್ಲ. ಮಾಳಿಂಗಪ್ಪನವರು ಅದನ್ನು ಕೈಯಲ್ಲಿ ಹಿಡಿದು, "ಈ ತಾಯಿಯನ್ನು ಎರಡನೆಯ ಸಲ ಕೇಳಿದವರು ಯಾರು?" ಅಂದರು. ಯಾರೂ ಕೇಳಲಿಲ್ಲ, ತಾನಾಗಿ ಹೇಳಿದಳು ಅಂದೆ. ಆ ಕಾರ್ಡನ್ನು ಗಂಟಿನ ಮೇಲಕ್ಕೆ ಇಟ್ಟರು.

ತೊಂಬತ್ತಾರರಲ್ಲಿ ಇಪ್ಪತ್ತೆರಡು ಕೂಸು ಗೆರೆಗಿಂತ ಬಹಳ ಕೆಳಗೆ. ಪುಟ್ಟಕ್ಕ ಆ ಇಪ್ಪತ್ತೆರಡರಲ್ಲಿ ಒಬ್ಬಳು. ಮರೆಮಾಚಿ ಹೇಳುವುದಿಲ್ಲ. ಕರಿಯವ್ವನ ಕೂಸು ಎಲ್ಲರಿಗಿಂತ ಕೆಳಗೆ. ದಾವಣಗೆರೆಗೆ ಕೇಂದ್ರ ಬೇಕು ಅಂತ ನಿನ್ನೆ ಬರೆದಾಯಿತು. ಹಾಲಿನ ತಜ್ಞರೇ ಮೊದಲು ಸಹಿ ಹಾಕಿದರು. ವರದಿಯ ಮೊದಲ ಪುಟದಲ್ಲಿ, ಇನ್ನು ಯಾವ ಊರಲ್ಲೂ ತಿಂಗಳು ಮಾತ್ರ ಕೇಳಿ ಕಾರ್ಡು ತುಂಬಬಾರದು ಅಂತ ಇದೆ.

ನೀನೊಬ್ಬಳೇ ಅಂತ ಬರೆದಿದ್ದೀಯಲ್ಲ, ಅದು ಲೆಕ್ಕಕ್ಕೆ ಸರಿಯಲ್ಲ. ಗೆರೆಯ ಮೇಲೆ ಕೂತಿದ್ದಾಳೆ, ನಿದ್ದೆ ಮಾಡು ಅಂತ ಬರೆದವಳು ನಾನು. ಚುಕ್ಕಿಗಳು ತಪ್ಪಿವೆ ಅಂತ ಅದೇ ಪತ್ರದಲ್ಲಿ ಬರೆದೆ. ಹಾಗಾದರೆ ಆ ಗೆರೆಯೂ ತಪ್ಪಿರಬೇಕು ಅಂತ ನನಗೆ ಹೊಳೆಯಲಿಲ್ಲ. ಹೋದ ಪತ್ರ ಬರೆಯುವಾಗ ಹೊಳೆಯಿತು, ಆದರೂ ಸಂಕೋಚಪಟ್ಟು ಅರ್ಧ ಮಾತಿಗೆ ನಿಲ್ಲಿಸಿದೆ. ಆ ಸಂಕೋಚ ಹನ್ನೆರಡು ದಿನ ತಿಂದಿತು.

ಬೇಗ ಬರೆ.

ದಿಲ್ಷಾದ್


ದಾವಣಗೆರೆ
೧೮ ಜೂನ್ ೧೯೬೧

ದಿಲ್ಷಾದ್,

ನಡುವೆ ಕಳಿಸಿದ್ದ ಎರಡು ಸಾಲಿನ ಅಂಚೆ ಕಾರ್ಡು ಸಿಕ್ಕಿರಬೇಕು. ಈಗ ಕೂತು ಬರೆಯುತ್ತಿದ್ದೇನೆ, ಪುಟ್ಟಕ್ಕ ಉಂಡು ಮಲಗಿದ್ದಾಳೆ.

ಡಾಕ್ಟರು ಚೀಟಿಯ ಮೇಲಿನ ತಾರೀಖು ಹೊಡೆದುಹಾಕಿ ಹೊಸದು ಬರೆದರು. ಬೈಯಲಿಲ್ಲ. "ಒಂದು ತಿಂಗಳು ಹೋಯಿತು. ಪರವಾಗಿಲ್ಲ ಅಂತ ಹೇಳಲಾರೆ. ಇವತ್ತಿನಿಂದ ಶುರು ಮಾಡಿ" ಅಂದರು. ಮನೆಗೆ ಬಂದು ಅತ್ತೆಗೆ ನಡೆದದ್ದೆಲ್ಲ ಹೇಳಿದೆ. ಅವರು ಸೆರಗಿನ ತುದಿ ನೋಡುತ್ತಾ ಕೂತಿದ್ದರು. ಆಮೇಲೆ ಒಳಗೆ ಹೋಗಿ ರಾಗಿ ಹಿಟ್ಟಿನ ಡಬ್ಬಿ ತಂದು ನನ್ನ ಮುಂದಿಟ್ಟು, "ಕಣ್ಣು ಬಿದ್ರೆ ನಾನು ನೋಡ್ಕಂತೀನಿ. ನೀನು ಸರಿ ಕಾಸು" ಅಂದರು. ಈಗ ದಿನಕ್ಕೆರಡು ಸಲ ರಾಗಿ ಸರಿ, ಮಧ್ಯಾಹ್ನ ಅಕ್ಕಿ, ಹೆಸರುಬೇಳೆಯ ಗಂಜಿ. ಎಂಟು ವಾರದಲ್ಲಿ ಒಂದು ಕಿಲೋ ಮೇಲೆ ಐವತ್ತು ಗ್ರಾಂ ಏರಿದ್ದಾಳೆ. ನಿಜವಾದ ಗೆರೆಗೆ ಇನ್ನೂ ದೂರ ಇದೆ. ಡಾಕ್ಟರು ಇನ್ನು ಆರು ತಿಂಗಳು ಅನ್ನುತ್ತಾರೆ. ಮುಟ್ಟುತ್ತಾಳೆ ಅಂತ ಖಂಡಿತವಾಗಿ ಹೇಳುವುದಿಲ್ಲ. ನಾನೂ ಕೇಳುವುದು ಬಿಟ್ಟು ತೂಗುತ್ತಾ ಇದ್ದೇನೆ.

ಹಾಲಿನ ಕೇಂದ್ರಕ್ಕೆ ಹೆಸರು ಬರೆಸಿಕೊಳ್ಳುವುದು ಹಳೆಯ ಛತ್ರದ ಜಗುಲಿಯಲ್ಲಿ ಶುರುವಾಯಿತು. ಪುಡಿ ಇನ್ನೂ ಬಂದಿಲ್ಲ, ಸರ್ಕಾರದ ಗುಮಾಸ್ತರು ಬಂದಿದ್ದಾರೆ. ಕಡರನಾಯಕನಹಳ್ಳಿಗೆ ಹೇಳಿ ಕಳಿಸಿದ್ದೆ, ಕರಿಯವ್ವ ಮೊದಲ ದಿನವೇ ಬಂದು ಬರೆಸಿದಳು. ನಿನ್ನೆ ನಾನು ಪುಟ್ಟಕ್ಕನನ್ನು ಎತ್ತಿಕೊಂಡು ಸಾಲಿನಲ್ಲಿ ಕೂತೆ. ನಮ್ಮ ಬಡಾವಣೆಯವರು ಯಾರೂ ಇರಲಿಲ್ಲ. ಪಕ್ಕದಲ್ಲಿ ಗಿರಣಿಯ ಕಡೆಯವಳೊಬ್ಬಳು, ನಾನು ತೂಗಿದ ಮನೆಯವಳಲ್ಲ. ಅವಳು ಆಗಲೇ ಬರೆಸಿಕೊಂಡು ಬಂದು, ಮಗನಿಗೆ ಎದೆಹಾಲು ಕುಡಿಸುತ್ತಾ ಕೂತಿದ್ದಳು.

"ನಿಮ್ದು ಎಷ್ಟು ತಿಂಗ್ಳು ಅಕ್ಕಾರೆ?"

"ಎಂಟೂವರೆ."

ಅವಳು ಪುಟ್ಟಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. "ಎಂಟೂವರೆನಾ? ಸಣ್ಣಗದಾಳಲ್ರಿ."

"ಹೂಂ. ಸಣ್ಣಗದಾಳೆ. ಅದಕ್ಕೇ ಬಂದೀನಿ."

ನನ್ನ ಕಿವಿ ಬಿಸಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಏನೂ ಆಗಲಿಲ್ಲ. ಪುಟ್ಟಕ್ಕ ಅವಳ ಬಳೆ ಹಿಡಿಯಲು ಕೈ ಚಾಚಿದಳು, ಅಷ್ಟೆ.

ಅವಳು ಮಗನ ತಲೆ ಸವರಿದಳು. ಆಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದು, ಸಾಲು ದಾಟಿ, ಗುಮಾಸ್ತರ ಮೇಜಿನ ಮುಂದೆ ಹೋಗಿ ನಿಂತಳು.

"ಸಾಹೇಬ್ರೆ, ನಂದು ಒಂದೀಟು ತಿದ್ರಿ. ಆರು ಅಂದಿದ್ದೆ. ಏಳು ಬರೀರಿ."

ಗುಮಾಸ್ತರಿಗೆ ಸಿಟ್ಟು ಬಂತು, ಬೆಳಗಿನಿಂದ ಇವಳು ಮೂರನೆಯವಳಂತೆ.

ನಿನ್ನ
ಉಚ್ಚೆಂಗಿ